ಬಲಗೈ ಎತ್ತುವ ಪಾಠ

ನನ್ನ ಕಿವಿ ಎಂಥದೆಂದರೆ, ಮೂರು ಬೀದಿಯಾಚೆ ಯಾರಾದರೂ ಸೋಬಾ ಶಾವಿಗೆ ಸೊರ್ರೆಂದು ಹೀರಿದರೆ ಸದ್ದಿನಲ್ಲೇ ಅವರ ವಯಸ್ಸು ಹೇಳಿಬಿಡುತ್ತೇನೆ. ಹಾಗಿರುವಾಗ ಜಪಾನಿನ ನೀಗಾತಾ ಪಟ್ಟಣದ ಬಸ್ ಸಾಲಿನಲ್ಲಿ ನನ್ನ ಮುಂದೆಯೇ ನಿಂತವರ ಮಾತು ತಪ್ಪೀತೆ? ಒಬ್ಬರು ಹಿರಿಯ ಮೇಷ್ಟ್ರು ಕುವಬಾರ, ಇನ್ನೊಬ್ಬಳು ಹೊಸದಾಗಿ ಸೇರಿದ ಮಿನೆಗಿಶಿ. ಇಬ್ಬರೂ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರು, ಇಲಾಖೆಯ ತರಬೇತಿ ಮುಗಿಸಿ ಹೊರಟಿದ್ದರು. ಹುಡುಗಿಯೇ ಮೊದಲು ಬಾಯಿ ತೆರೆದಳು.

“ಕ್ಲಾಸಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬೇಡಿ ಅಂತ ಮೂರು ಗಂಟೆ ಕೊರೆದ್ರಲ್ಲ ಆ ಅಧಿಕಾರಿ, ಅಷ್ಟೂ ಜಪಾನೀ ಭಾಷೇಲಿ!”

“ನೀನ್ಯಾಕಮ್ಮ ಇಂಗ್ಲಿಷಲ್ಲಿ ಪ್ರಶ್ನೆ ಕೇಳಿದೆ? ಪಾಪ, ಗಡಿಯಾರ ನೋಡಿ ಟೈಮಾಯ್ತು ಅಂದುಬಿಟ್ರು.”

“ಸೋಮವಾರ ನನ್ನ ಪಾಠ ನೋಡೋಕೆ ಅವರೇ ಬರ್ತಾರೆ ಮೇಷ್ಟ್ರೇ. ಅವರು ಮೆಚ್ಚದಿದ್ರೆ ನನ್ನ ಕೆಲಸ ಖಾಯಂ ಆಗಲ್ಲ.”

“ಹಾಗಾದ್ರೆ ಶುಕ್ರವಾರವೇ ಅದೇ ಪಾಠ ಒಂದ್ಸಲ ಮಾಡಿಬಿಡು. ಸೋಮವಾರ ನೀನು ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಲಿ. ಉತ್ತರ ಗೊತ್ತಿರೋರು ಬಲಗೈ, ಗೊತ್ತಿಲ್ಲದೋರು ಎಡಗೈ. ನೀನು ಬಲಗೈಯವರನ್ನೇ ಕೇಳು. ಮೂವತ್ತು ವರ್ಷದಿಂದ ನಾವೆಲ್ಲ ಮಾಡ್ತಿರೋದೇ ಇದು.”

“ಥೂ, ನಾಟಕ! ಅವರೇ ಮಕ್ಕಳನ್ನ ಏನಾದ್ರೂ ಕೇಳಿಬಿಟ್ರೆ?”

“ಕೇಳಲ್ಲಮ್ಮ. ಇಂಗ್ಲಿಷಲ್ಲಿ ಕೇಳಬೇಕಾಗುತ್ತಲ್ಲ.”

ಹುಡುಗಿ ನಕ್ಕ ರಭಸಕ್ಕೆ ಬಸ್ ನಿಲ್ದಾಣದ ಚಾವಣಿ ಒಂದು ಗೇಣು ಮೇಲೆದ್ದು ಕೂತಿತು. ಅಷ್ಟರಲ್ಲಿ ಅವಳ ಬಸ್ ಬಂತು.

“ಸರಿ, ಅಭ್ಯಾಸ ಮಾಡಿಸ್ತೀನಿ. ಮೂವತ್ತೆಂಟು ಮಕ್ಕಳೂ ಎದ್ದು ನಿಂತು ಆ ಅಧಿಕಾರಿಗೇ ಇಂಗ್ಲಿಷಲ್ಲಿ ಒಂದೊಂದು ಪ್ರಶ್ನೆ ಕೇಳೋ ಹಾಗೆ.”

“ಅಯ್ಯೋ, ನಿನ್ನ ಕೆಲಸ ಹೋಗುತ್ತಲ್ಲೇ! ಅವರಿಗೆ ಉತ್ತರ ಬರದಿದ್ರೆ?”

ಅವಳು ಮೆಟ್ಟಿಲು ಹತ್ತಿ ತಿರುಗಿದಳು.

“ಎಡಗೈ ಎತ್ತಲಿ ಬಿಡಿ ಮೇಷ್ಟ್ರೇ.”