ಒಂದು ಚಮಚ ಹೆಪ್ಪು

ಯಾರೇ ಉಣ್ಣಲು ಕೂರಲಿ, ಗಂಡನಿರಲಿ, ಮಗನಿರಲಿ, ಮನೆಗೆ ಬಂದ ಸ್ವಾಮಿಗಳೇ ಇರಲಿ, ದ್ಯಾಮವ್ವ ಮೊದಲು ಮೊಸರಿನ ಗಡಿಗೆಯಿಂದ ಒಂದು ಚಮಚ ತೆಗೆದು ಗೋಡೆಯ ಗೂಡಿನಲ್ಲಿದ್ದ ಪುಟ್ಟ ಕುಡಿಕೆಗೆ ಹಾಕುತ್ತಿದ್ದಳು. ಅದರ ಬಾಯಿಗೆ ಮುತ್ತುಗದ ಎಲೆ ಮುಚ್ಚುತ್ತಿದ್ದಳು. ಬಡಿಸುವುದು ಆಮೇಲೆ. ನಾಳೆಯ ಹಾಲಿಗೆ ಹೆಪ್ಪು ಬೇಕಲ್ಲ? ಹೊಟ್ಟೆ ಮೊದಲೋ ಗೂಡು ಮೊದಲೋ ಅಂತ ಮಗ ಗಾದಿಲಿಂಗ ಕೆಣಕಿದರೆ, "ಉಣ್ಣೋ ಬಾಯಿಗೆ ನಾಳೆ ಕಾಣಲ್ಲ ಮಗಾ, ಕಾಣೋದು ಬಡಿಸೋ ಕೈಗೆ" ಅನ್ನುತ್ತಿದ್ದಳು.

ಎಲ್ಲಿ, ಯಾವಾಗ ಅಂತ ಕೇಳಬೇಡಿ. ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ರಾಜರಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ, ಅಂಥ ಕಾಲ. ಬುದ್ಧಿ ಯಾವಾಗ ಬಂತು ಅಂತಲೂ ಕೇಳಬೇಡಿ.

ಒಂದು ಹೊಳೆ. ಈಚೆಗೊಂದು ರಾಜ್ಯ, ಆಚೆಗೊಂದು ರಾಜ್ಯ. ಈಚೆ ದಡದಲ್ಲಿ ದ್ಯಾಮವ್ವ, ಆಚೆ ದಡದಲ್ಲಿ ಅವಳ ಒಡಹುಟ್ಟಿದ ತಂಗಿ ಹೊನ್ನವ್ವ. ಇಬ್ಬರೂ ಮದುವೆಯಾಗಿ ಹೊರಟಾಗ ತಾಯಿ ಒಂದೇ ಗಡಿಗೆಯ ಮೊಸರನ್ನು ಎರಡು ಕುಡಿಕೆಗೆ ಹಾಕಿ ಮಡಿಲಿಗೆ ಕೊಟ್ಟಿದ್ದಳು. ಜೊತೆಗೆ ಒಂದು ಮಾತು. "ದೀಪ ಹಚ್ಚಿದ ಮೇಲೆ ಯಾರು ಕೇಳಿದರೂ ಹೆಪ್ಪು ಕೊಡಬೇಡಿ. ಹಚ್ಚೋಕೆ ಮುಂಚೆ ಕೇಳಿದರೆ, ಹಗೆಯೇ ಬಂದು ಕೇಳಿದರೂ ಇಲ್ಲ ಅನ್ನಬೇಡಿ."

ಅಕ್ಕನ ಹೆಪ್ಪು ಹುಳಿಯಾದರೆ ತಂಗಿ ಕೊಡೋಳು. ತಂಗಿಯದು ಕೆಟ್ಟರೆ ಅಕ್ಕ ಕೊಡೋಳು. ಹೊಳೆ ಅಂದರೆ ಸಮುದ್ರವೇ? ಬೇಸಗೆಯಲ್ಲಿ ಸೀರೆ ಎತ್ತಿ ಸಿಕ್ಕಿಸಿದರೆ ದಾಟಬಹುದು. ಈ ದಡದಲ್ಲಿ ಕೆಮ್ಮಿದರೆ ಆ ದಡದವರು ಶುಂಠಿ ಕಷಾಯ ಕುಡಿ ಅನ್ನೋರು, ಅಷ್ಟು ಹತ್ತಿರ.

ಈಚೆ ರಾಜ್ಯದ ರಾಜನಿಗೆ ಜನ ಇಟ್ಟ ಹೆಸರು ಒಲ್ಲೆರಾಯ. ಊಟಕ್ಕೆ ಕರೆದರೂ ಮೊದಲು ಒಲ್ಲೆ ಅನ್ನೋನು, ಆಮೇಲೆ ಬಂದು ಉಣ್ಣೋನು. ಈ ಗುಣ ನೆನಪಿಟ್ಟುಕೊಳ್ಳಿ.

ಹೊಳೆಯಾಚೆ ರಾಜನಿಗೂ ಮೂಡಣ ಬೆಟ್ಟದ ರಾಜನಿಗೂ ಜಗಳ ಬಿತ್ತು. ಯಾತಕ್ಕೆ? ಒಂದು ಗುಡ್ಡಕ್ಕೆ. ಗುಡ್ಡದಲ್ಲಿ ಏನಿತ್ತು? ಪಾಪಾಸುಕಳ್ಳಿ. ಕಳ್ಳಿಯಲ್ಲಿ ಏನಿತ್ತು? ಮುಳ್ಳು. ಆ ಮುಳ್ಳಿಗೆ ಇಬ್ಬರೂ ಸೈನ್ಯ ಕಟ್ಟಿದರು, ನಡುವೆ ಕೂತಿದ್ದ ಒಲ್ಲೆರಾಯನನ್ನು ಇಬ್ಬರೂ ತಮ್ಮ ಕಡೆಗೆ ಬಾ ಅಂತ ಕರೆದರು. ಒಂದು ಸಲ ದೂತರು ಬಂದರು, ಒಲ್ಲೆ ಅಂದ. ಎರಡನೇ ಸಲ ಬಂದರು; ಒಲ್ಲೆ ಅಂದ. ಜನ ಪರವಾಗಿಲ್ಲವೇ ನಮ್ಮ ರಾಜ ಅಂದುಕೊಂಡರು.

ಮೂರನೇ ಸಲ ದೂತ ಬರಲಿಲ್ಲ, ಬಾಣ ಬಂತು. ಎಲ್ಲಿಂದಲೋ ಹಾರಿ ಬಂದದ್ದು ಅರಮನೆಯ ಹಿತ್ತಲಲ್ಲಿ ಒಣಗುತ್ತಿದ್ದ ರಾಜನ ಧೋತ್ರಕ್ಕೆ ನಾಟಿತು. ಬೆರಳು ತೂರುವಷ್ಟು ತೂತು. ದೇಶದ ಮಾನಕ್ಕೇ ತೂತು ಬಿತ್ತು ಅಂದ ಮಂತ್ರಿ. ಸುದ್ದಿ ಕೇಳಿದ ದ್ಯಾಮವ್ವ, ಸೂಜಿ ದಾರ ಕೊಟ್ಟರೆ ಎಲೆಅಡಿಕೆ ಹಾಕಿಕೊಳ್ಳೋ ಹೊತ್ತಲ್ಲಿ ಹೊಲಿದು ಕೊಡ್ತಿದ್ದೆ ಅಂದಳು. ಅವಳನ್ನು ಕೇಳೋರು ಯಾರು?

ಬಾಣ ಯಾವ ದಿಕ್ಕಿನಿಂದ ಬಂತು? ಯಾರೂ ನೋಡಿರಲಿಲ್ಲ. ಮೂಡಲಿಂದ ಬಂದಿದ್ದರೆ ಬೆಟ್ಟ ಹತ್ತಬೇಕು, ಆನೆಗಳಿಗೆ ಏದುಸಿರು. ಹೊಳೆಯ ಕಡೆಗೆ ಇಳಿಜಾರು. ಮಂತ್ರಿಗಳು ಕೂತು ಯೋಚಿಸಿ, ಬಾಣ ಹೊಳೆಯ ಕಡೆಯಿಂದಲೇ ಬಂತು ಅಂತ ತೀರ್ಮಾನ ಮಾಡಿದರು. ನಗಬೇಡಿ, ಹೀಗೇ ಆಗೋದು. ರಾಜ ಒಲ್ಲೆ ಒಲ್ಲೆ ಅನ್ನುತ್ತಲೇ ಕುದುರೆ ಹತ್ತಿದ.

ಹತ್ತಿದ ಮೇಲೆ ನೋಡಿದರೆ ಈಟಿ ಇಲ್ಲ, ಗುರಾಣಿ ಇಲ್ಲ, ಹಿಡಿಯೋ ಆಳೂ ಇಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಇವನಿಗೆ ಅಭ್ಯಾಸಕ್ಕೆ ಶಸ್ತ್ರವೇ ಇರಲಿಲ್ಲ. ಡಂಗುರ ಹೊಡೆಸಿದ. ಮೊದಲ ಡಂಗುರಕ್ಕೆ ಮನೆಮನೆಯ ಒನಕೆ ಹೋಯಿತು, ಈಟಿಗೆ ಹಿಡಿ ಬೇಕಂತೆ. ಹೆಂಗಸರು ಭತ್ತ ಮುಂದಿಟ್ಟುಕೊಂಡು ಕೂತರು. ಎರಡನೇ ಡಂಗುರಕ್ಕೆ ತಾಮ್ರದ ಮುಚ್ಚಳ ಹೋಯಿತು, ಗುರಾಣಿಗಂತೆ. ಬೆಕ್ಕುಗಳಿಗೆ ಹಬ್ಬವಾಯಿತು. ಮೂರನೇ ಡಂಗುರಕ್ಕೆ ಮಕ್ಕಳು ಹೋದರು.

ಗಾದಿಲಿಂಗನೂ ಹೊರಟ. ಮೊಸರಿಲ್ಲದೆ ಕಡೆಯ ತುತ್ತು ಇಳಿಯದ ಹುಡುಗ. ಹೊಸ್ತಿಲು ದಾಟಿದವನು ತಿರುಗಿ ಗೂಡಿನ ಕಡೆ ನೋಡಿದ. "ಅವ್ವಾ, ನಾನು ಬರೋ ಹೊತ್ತಿಗೆ ಅದು ಖಾಲಿ ಇರಬಾರದು ನೋಡು" ಅಂದ. ದ್ಯಾಮವ್ವ ಆಗಲಿ ಅಂದಳು. ತಾಯಿ ಕೊಟ್ಟ ಮಾತು ಕಲ್ಲಿನ ಮೇಲೆ ಗೆರೆ.

ಮಕ್ಕಳು ಹೋದ ಬೆನ್ನಿಗೇ ಇನ್ನೊಂದು ಆಜ್ಞೆ. ಹೊಳೆಯಾಚೆಯವರ ಜೊತೆ ಮಾತಾಡಿದವರ ಮನೆಮಗ ಸೈನ್ಯದ ಮುಂದಿನ ಸಾಲಿಗೆ. ಕಾಯೋಕೆ ತಳವಾರ ಕೊಟ್ರಯ್ಯನನ್ನು ದಡದಲ್ಲಿ ನಿಲ್ಲಿಸಿದರು. ಅದೇ ಊರಿನ ಹುಡುಗ, ದ್ಯಾಮವ್ವನ ಕೈಯಲ್ಲಿ ಮಜ್ಜಿಗೆ ಕುಡಿದು ಬೆಳೆದವನು. ಈಗ ಮೀಸೆ ತಿರುವಿಕೊಂಡು ನಿಂತ.

ಒಂದು ದಿನ ದ್ಯಾಮವ್ವ ದಡದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಆಚೆ ದಡಕ್ಕೆ ಹೊನ್ನವ್ವ ಓಡಿ ಬಂದಳು. ತಲೆಯ ಮೇಲೆ ಸೆರಗಿಲ್ಲ.

"ಅಕ್ಕಾ, ನಮ್ಮನೆಯೋರು ಬಾಣ ತಾಗಿ ನಿಮ್ಮ ದಡದ ಹೊಂಗೆಮರದ ಹತ್ತಿರ ಬಿದ್ದವ್ರಂತೆ. ಹೋಗಿ ನೋಡಿ ಒಂದು ಮಾತು ಹೇಳಕ್ಕಾ. ಉಸಿರು ಐತಾ ಇಲ್ವಾ, ಅಷ್ಟು ಹೇಳು ಸಾಕು."

ಹೊಂಗೆಮರ ಎಷ್ಟು ದೂರ? ಕೂಗಳತೆ. ದ್ಯಾಮವ್ವ ತಲೆ ಎತ್ತಿದಳು. ಕೊಟ್ರಯ್ಯ ನೋಡುತ್ತಿದ್ದ. ಮುಂದಿನ ಸಾಲು ಕಣ್ಣಿಗೆ ಕಟ್ಟಿತು, ಸಾಲಿನಲ್ಲಿ ಮಗ. ತಲೆ ತಗ್ಗಿಸಿದಳು. ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗಿದಳು. ಹೊನ್ನವ್ವ ಮೂರು ಸಲ ಕೂಗಿದಳು, ಮೂರು ಸಲವೂ ಬೂದಿ ಕೈಯ ಸದ್ದೊಂದೇ ಕೇಳಿತು. ದೀಪ ಹಚ್ಚುವ ಹೊತ್ತಿಗೆ ಆಚೆ ದಡ ಖಾಲಿ.

ಆಮೇಲೆ ಏನಾಯಿತು ಕೇಳಿ. ಬಿಸಿಲಲ್ಲಿ ನಡೆದು ನಡೆದು ಸೈನ್ಯಕ್ಕೆ ಹೊಟ್ಟೆಯುರಿ ಶುರುವಾಯಿತು. ರಾಜವೈದ್ಯ ಮೊಸರನ್ನ ಕೊಡಿ ಅಂದ. ಆಜ್ಞೆ ಹೊರಟಿತು: ರಾಜ್ಯದ ಮೊಸರೆಲ್ಲ ಸೈನ್ಯಕ್ಕೆ, ಪ್ರತಿ ಮನೆಯ ಗಡಿಗೆಯ ತಳ ಕಾಣಬೇಕು. ಕೊಟ್ರಯ್ಯ ದ್ಯಾಮವ್ವನ ಮನೆಗೂ ಬಂದ. ಅವಳು ಗಡಿಗೆ ಎತ್ತಿ ಸಂತೋಷವಾಗಿ ಕೊಟ್ಟಳು, ಅದರಲ್ಲಿ ಮಗನ ಪಾಲೂ ಇತ್ತಲ್ಲ. ಕೊಟ್ರಯ್ಯನ ಕಣ್ಣು ಗೂಡಿಗೆ ಹೋಯಿತು.

"ಅದೇನು ದೊಡ್ಡವ್ವ?"

"ಹೆಪ್ಪು ಕಣೋ. ಅದನ್ನ ಬಿಡು."

"ಅದೂ ಮೊಸರೇ ಅಲ್ವಾ?"

"ಮೊಸರೇ. ಅದನ್ನ ಬಿಟ್ರೆ ನಾಳೆ ಇನ್ನೊಂದು ಗಡಿಗೆ ಕೊಡ್ತೀನಿ. ನಾಡಿದ್ದು ಇನ್ನೊಂದು. ಯುದ್ಧ ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ಮಾಡ್ರಿ, ಮೊಸರು ನಾನು ಕೊಡ್ತೀನಿ. ಒಂದು ಚಮಚ ಬಿಡೋ."

ಕೊಟ್ರಯ್ಯ ಯೋಚಿಸಿದ. ನಾವು ಸುಳ್ಳು ಹೇಳಬಾರದು, ನಿಜಕ್ಕೂ ಯೋಚಿಸಿದ. ಆಮೇಲೆ, "ನಾಳೆ ವಿಚಾರ ಆಜ್ಞೆಯಲ್ಲಿ ಇಲ್ಲ ದೊಡ್ಡವ್ವ" ಅಂದ. ಕುಡಿಕೆಯನ್ನು ಬೆರಳಿನಿಂದ ಬಳಿದು ಗಡಿಗೆಗೆ ಹಾಕಿಕೊಂಡ. ಬೆರಳು ನೆಕ್ಕಿ ಹೋದ.

ಇವಳ ಮನೆಯೊಂದೇ ಅಲ್ಲ. ಎಲ್ಲ ಮನೆಯಲ್ಲೂ ಹೀಗೇ, ಅರಮನೆಯ ಅಡುಗೆಮನೆಯಲ್ಲೂ ಹೀಗೇ. ಸೈನ್ಯ ಒಂದು ದಿನ ಹೊಟ್ಟೆತುಂಬ ಮೊಸರನ್ನ ಉಂಡಿತು. ಮರುದಿನ ಮತ್ತೆ ಕೇಳಿತು. ರಾಜ್ಯದ ತುಂಬ ಹಾಲು, ಹಸುಗಳೇನು ಯುದ್ಧಕ್ಕೆ ಹೋಗಿದ್ದವೇ? ಹೆಪ್ಪು ಮಾತ್ರ ಇಲ್ಲ. ಹುಣಸೆ ಹಿಂಡಿದರು, ಹಾಲು ಒಡೆಯಿತು. ನಿಂಬೆ ಹಿಂಡಿದರು, ಒಡೆಯಿತು. ಮೆಣಸಿನಕಾಯಿ ತೊಟ್ಟು ಹಾಕಿದರು. ಅದೇನೋ ನೂಲುನೂಲಾಗಿ ಬಂತು, ನಾಯಿ ಮೂಸಿ ಹಿಂದೆ ಸರಿಯಿತು. ಹೊಟ್ಟೆ ಹಿಡಿದುಕೊಂಡವನು ಈಟಿ ಯಾವ ಕೈಯಲ್ಲಿ ಹಿಡಿದಾನು? ಸೈನ್ಯ ತಾನಾಗಿಯೇ ಮನೆಗೆ ಬಂತು. ರಾಜ ಕುದುರೆ ಇಳಿದು, "ನಾನು ಮೊದಲೇ ಒಲ್ಲೆ ಅಂದಿರಲಿಲ್ವಾ?" ಅಂದ. ಅಷ್ಟೇ. ಧೋತ್ರದ ತೂತು ಹಾಗೇ ಇತ್ತು.

ಗಾದಿಲಿಂಗನೂ ಬಂದ. ನಡೆದು ಬರಲಿಲ್ಲ, ಕಂಬಳಿಯಲ್ಲಿ ಹೊತ್ತು ತಂದರು. ಗಂಜಿ ಕೊಟ್ಟರೆ ನಿಲ್ಲದು, ಹಾಲು ಕೊಟ್ಟರೆ ನಿಲ್ಲದು. ಮಜ್ಜಿಗೆ ಅನ್ನ ಇಳಿದರೆ ಉಳಿಯುತ್ತಾನೆ, ಬೇರೆ ದಾರಿ ಇಲ್ಲ ಅಂದ ವೈದ್ಯ. ಹುಡುಗ ಕಣ್ಣು ಬಿಟ್ಟು ಗೂಡಿನ ಕಡೆ ನೋಡಿದ. ತಾಯಿ ಗೂಡಿಗೆ ಅಡ್ಡ ನಿಂತಳು.

ಬೆಳಿಗ್ಗೆ ಹೊಳೆಯಾಚೆಯಿಂದ ಒಂದು ಸದ್ದು ಬಂತು. ಗುಡುಕ್ ಗುಡುಕ್ ಅಂತ ಮೊಸರು ಕಡೆಯುವ ಸದ್ದು. ಅದು ಯಾರ ಕೈಯ ಕಡಗೋಲು ಅಂತ ದ್ಯಾಮವ್ವನಿಗೆ ಯಾರಾದರೂ ಹೇಳಬೇಕೇ? ಅದೇ ತಾಯಿಯ ಗಡಿಗೆ, ಅದೇ ಮೊಸರು. ಆಚೆ ರಾಜ್ಯದಲ್ಲೂ ತಳವಾರರು ಬಂದಿದ್ದರೋ ಏನೋ. ಹೊನ್ನವ್ವ ಹೇಗೋ ಒಂದು ಚಮಚ ಉಳಿಸಿಕೊಂಡಿದ್ದಳು.

ದ್ಯಾಮವ್ವ ಖಾಲಿ ಕುಡಿಕೆ ಹಿಡಿದು ಹೊಳೆಗೆ ಇಳಿದಳು. ದಡದಲ್ಲಿ ಕೊಟ್ರಯ್ಯನೂ ಹೊಟ್ಟೆಯುರಿಗೆ ಹೊಟ್ಟೆ ಹಿಡಿದು ಕೂತಿದ್ದ, ತಡೆಯಲಿಲ್ಲ, ಮುಖ ಬೇರೆ ಕಡೆ ತಿರುಗಿಸಿದ. ನೀರು ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ಅಲ್ಲಿಂದ ಹೊಂಗೆಮರ ಕಾಣುತ್ತಿತ್ತು. ಕಾಲು ಮುಂದಕ್ಕೆ ಬರಲಿಲ್ಲ.

ನಿಂತಲ್ಲಿಂದಲೇ ಕೂಗಿದಳು.

ಕಡಗೋಲಿನ ಸದ್ದು ನಿಂತಿತು.

ಅಂದರೆ ಕೇಳಿಸಿತು ಅಂತಾಯಿತು. ದ್ಯಾಮವ್ವ ಕಾದಳು. ಬಾಗಿಲು ತೆರೆಯಲಿಲ್ಲ, ಬೈಗುಳವೂ ಬರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊತ್ತು ನೆತ್ತಿಗೆ ಬಂತು, ಇಳಿಯಿತು, ಹೊಂಗೆಮರದ ನೆರಳು ಉದ್ದವಾಗಿ ನೀರಿಗೆ ಬಿತ್ತು. ದೀಪ ಹಚ್ಚೋಕೆ ಇನ್ನೂ ಚೂರು ಹೊತ್ತಿದೆ.

ಕತೆ ಆ ದಡದಲ್ಲಿ, ಕೇಳಿದ ನಾವು ಈ ದಡದಲ್ಲಿ, ನಡುವೆ ಮೊಣಕಾಲಷ್ಟು ನೀರು. ಆ ನೀರಿನ ಮೇಲೆ ಅವಳ ಮಾತು ಇನ್ನೂ ನಿಂತಿದೆ:

"ಹೊನ್ನೀ, ಒಂದು ಚಮಚ ಹೆಪ್ಪು ಕೊಡೇ."