ಡ್ರಮ್ಮು ತೂಗಿದ ಕೈ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಸೇತುರಾಮ ಅವರೇ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಬಿಡದೆ ಬಂದು ತಲುಪಿದ ಮುಖ್ಯ ಅತಿಥಿಗಳೇ, ನಮ್ಮ ಬಳಗದ ಕಾರ್ಯದರ್ಶಿ ಹಯಗ್ರೀವ ಅವರೇ, ಮುಂದಿನ ಸಾಲಿನಲ್ಲಿರುವ ಶ್ರೀಯಾಳ ತಂದೆ ಬದರಿನಾಥ್ ಅವರೇ, ಟ್ಯಾಂಪಿನೀಸ್‌ನಿಂದ ರೈಲು ಬದಲಿಸಿ ಬಂದವರೇ, ಚೋವಾ ಚು ಕಾಂಗ್‌ನ ನೆರೆಹೊರೆಯವರೇ, ಕುಣಿದು ದಣಿದ ಮಕ್ಕಳೇ, ಸಭಿಕರೇ,

ನಾನು ಮುರಿಗೆವ್ವ. ಊರು ಬೈಲಹೊಂಗಲ. ಓದಿದ್ದು ನಾಲ್ಕನೆಯ ಇಯತ್ತೆ. ಮಗಳು ಶಿವಾನಿಯ ಮನೆಯಲ್ಲಿ ಮೊಮ್ಮಗನನ್ನು ನೋಡಿಕೊಂಡಿರಲು ಈ ದೇಶಕ್ಕೆ ಬಂದವಳು. ಮೈಕಿನ ಮುಂದೆ ನಿಲ್ಲುವುದು ಇದೇ ಮೊದಲು. "ಎರಡೇ ಮಾತು ಆಂಟಿ, ಜಾಸ್ತಿ ಬೇಡ" ಎಂದು ಹಯಗ್ರೀವ ಅವರು ಹೇಳಿದ್ದಾರೆ. ಎರಡೇ ಮಾತು ಎಂದು ಶುರು ಮಾಡಿದವರು ಎರಡಕ್ಕೆ ನಿಲ್ಲಿಸಿದ್ದನ್ನು ಈ ವೇದಿಕೆಯ ಮೇಲೆ ಇವತ್ತು ನೀವು ಕಂಡಿದ್ದೀರಾ? ನಾನೂ ಕಂಡಿಲ್ಲ.

ಈ ಶಾಲು ನನ್ನದಲ್ಲ, ಶ್ರೀಯಾಳದು. ಕಳೆದ ತಿಂಗಳು ಇಲ್ಲಿನ ಕುದುರೆ ಶಾಲೆಯಲ್ಲಿ ಪೀಪಾಯಿ ಓಟ ಗೆದ್ದವಳು ಅವಳು. ಈಗ ತಾಯಿ ನಿರುಪಮಾ ಅವರ ಜೊತೆ ದೊಡ್ಡ ಪಂದ್ಯಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಳೆ. ಹಾಲ್ ಬುಕ್ ಮಾಡಿ ಆಗಿತ್ತು, ದಿನ ಬದಲಿಸಲು ಬರುವುದಿಲ್ಲ ಎಂದರು. ಆದ್ದರಿಂದ ಅವಳ ಶಾಲು, ಅವಳ ಹಾರ, ಅವಳ ಹಣ್ಣಿನ ಬುಟ್ಟಿ ನನ್ನ ಪಾಲಿಗೆ ಬಂದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗಡಿಯಾರದ ನಾಲ್ಕು ಗಂಟೆಗೆ ಶ್ರೀಯಾ ಅಲ್ಲಿ ಕುದುರೆ ಏರುತ್ತಾಳೆ. ಆ ಹೊತ್ತಿಗೆ ನನ್ನ ಕೈ ಖಾಲಿ ಇರಬೇಕೆಂದು ಅವಳು ಮಾತು ತೆಗೆದುಕೊಂಡಿದ್ದಾಳೆ. ಸನ್ಮಾನ ಮೂರಕ್ಕೇ ಮುಗಿಯುತ್ತದೆ ಎಂದಿದ್ದರಿಂದ ನಾನು ಒಪ್ಪಿದೆ. ಕಾರ್ಯಕ್ರಮ ತಡವಾಯಿತು. ಯಾರನ್ನೂ ದೂರುತ್ತಿಲ್ಲ, ನಮ್ಮವರ ಕಾರ್ಯಕ್ರಮ ಯಾವ ದೇಶದಲ್ಲಿ ಹೊತ್ತಿಗೆ ಸರಿಯಾಗಿ ನಡೆದಿದೆ? ಆದರೆ ಬಾಗಿಲ ಮೇಲಿನ ಗಡಿಯಾರ ನಾಲ್ಕರ ಹತ್ತಿರ ಬಂದಿದೆ. ಬುಟ್ಟಿ ಇನ್ನೂ ನನ್ನ ಕೈಯಲ್ಲಿದೆ.

ಪೀಪಾಯಿ ಓಟವೆಂದರೆ ಏನು? ಬಯಲಿನಲ್ಲಿ ಮೂರು ಪೀಪಾಯಿಗಳನ್ನು ಮೂರು ಮೂಲೆಗೆ ನಿಲ್ಲಿಸುತ್ತಾರೆ. ಕುದುರೆ ಓಡಿಬಂದು ಮೊದಲನೆಯದನ್ನು ಬಲಕ್ಕೆ ಸುತ್ತಬೇಕು, ಉಳಿದ ಎರಡನ್ನು ಎಡಕ್ಕೆ ಸುತ್ತಬೇಕು, ಆಮೇಲೆ ನೇರವಾಗಿ ಬಾಗಿಲಿಗೆ ಹಾರಬೇಕು. ಪೀಪಾಯಿ ಬೀಳಬಾರದು. ಯಾರು ಬೇಗ ಮುಗಿಸಿದರೋ ಅವರು ಗೆದ್ದರು.

"ಓಡೋದು ಕುದುರಿ. ನೀ ಸುಮ್ನ ಕುಂತಿರ್ತಿ. ಅದರಾಗೇನೈತೆವಾ ಕಷ್ಟ?" ಎಂದು ನಾನು ಕೇಳಿದ್ದೆ.

"ಆಂಟಿ, ಸುಮ್ನೆ ಕೂರೋದೇ ಕಷ್ಟ ಲಾ" ಎಂದಳು, ಈ ಊರಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಈ ಊರಿನಲ್ಲಿ ಕುದುರೆ ಸಿಗುವುದು ವಾರಕ್ಕೊಮ್ಮೆ. ಉಳಿದ ದಿನ ಮೈಗೆ ಅಭ್ಯಾಸ ಬೇಡವೇ? ಅವಳ ಕೋಚ್ ಒಂದು ಉಪಾಯ ಹೇಳಿದರು. ದೊಡ್ಡ ಡ್ರಮ್ಮನ್ನು ಅಡ್ಡಲಾಗಿ ನಾಲ್ಕು ಹಗ್ಗಗಳಿಂದ ತೂಗುಹಾಕಿ, ಅದಕ್ಕೆ ಜೀನು ಬಿಗಿದು, ಹುಡುಗಿಯನ್ನು ಕೂರಿಸಿ, ಇನ್ನೊಬ್ಬರು ಎದುರು ನಿಂತು ಎರಡು ಎಳೆಯುವ ಹಗ್ಗಗಳಿಂದ ಅದನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕು. ಬದರಿನಾಥ್ ಅವರು ಅದನ್ನು ನಮ್ಮ ಬ್ಲಾಕಿನ ಕೆಳಗೆ ತೆರೆದಿರುವ ವಾಯ್ಡ್ ಡೆಕ್‌ನಲ್ಲಿ ಕಟ್ಟಲು ಅನುಮತಿ ಕೇಳಿದರಂತೆ. ಚೆಂಡನ್ನೇ ಆಡಬಾರದೆಂದು ಬೋರ್ಡು ಹಾಕಿದ ಜಾಗದಲ್ಲಿ ಮಗಳನ್ನು ತೂಗುಹಾಕುತ್ತೇನೆ ಎಂದರೆ ಯಾರು ಒಪ್ಪುತ್ತಾರೆ? ಕೊನೆಗೆ ಕುದುರೆ ಶಾಲೆಯವರೇ ಹುಲ್ಲು ತುಂಬುವ ಹಳೆಯ ಶೆಡ್ಡು ಬಿಟ್ಟುಕೊಟ್ಟರು.

ಹಗ್ಗ ಎಳೆಯಲು ನಾನೇ ಏಕೆ? ನಮ್ಮ ಮೊಮ್ಮಗ ಸೀರೆಯ ತೊಟ್ಟಿಲಲ್ಲಿ ಮಲಗುತ್ತಾನೆ. ಪಕ್ಕದ ಮನೆಯ ಶ್ರೀಯಾ ಒಂದು ಮಧ್ಯಾಹ್ನ ಬಂದವಳು, ನಾನು ಒಂದು ಕೈಯಲ್ಲಿ ಅವರೆ ಬಿಡಿಸುತ್ತ ಇನ್ನೊಂದು ಕೈಯಲ್ಲಿ ತೂಗುವುದನ್ನು ನೋಡುತ್ತ ನಿಂತಳು. "ಆಂಟಿ, ನೀವು ಅವನ ಕಡೆ ನೋಡೋದೇ ಇಲ್ಲ. ಅವನು ಅಲ್ಲಾಡೋಕೆ ಮುಂಚೆನೇ ನಿಮ್ ಕೈ ಮೂವ್ ಆಗತ್ತೆ. ನಂಗೂ ಹಾಗೇ ಎಳೀರಿ ಪ್ಲೀಸ್" ಎಂದಳು. ಹದಿನಾರು ವರ್ಷದ ಹುಡುಗಿಯನ್ನು ತೂಗುವ ಭಾಗ್ಯ ಯಾರಿಗುಂಟು?

ಇಲ್ಲಿ ಕುಳಿತಿರುವ ಮಕ್ಕಳಿಗೆ ಅವಳ ಅಭ್ಯಾಸವನ್ನು ಹೇಳಬೇಕು. ಅವಳು ಹಲ್ಲುಜ್ಜುವುದು ಒಂಟಿ ಕಾಲಿನಲ್ಲಿ. ಎಲ್.ಆರ್.ಟಿ. ರೈಲಿನಲ್ಲಿ ಕಂಬ ಹಿಡಿಯದೆ ನಿಲ್ಲುತ್ತಾಳೆ, ತಿರುವಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿದರೂ ಅವಳು ವಾಲುವುದಿಲ್ಲ. ಲಿಫ್ಟು ಖಾಲಿ ಇದ್ದರೂ ಮೆಟ್ಟಿಲು. ಡ್ರಮ್ಮಿನ ಮೇಲೆ ಮೊದಲು ಜೀನಿನ ರಿಕಾಪಿನಲ್ಲಿ ಕಾಲಿಟ್ಟು, ಆಮೇಲೆ ಕಾಲು ಬಿಟ್ಟು, ಆಮೇಲೆ ಕೈಗಳನ್ನು ರೆಕ್ಕೆಯ ಹಾಗೆ ಚಾಚಿ, ಕೊನೆಗೆ ಕಣ್ಣು ಮುಚ್ಚಿ. ತೋಳಿನಿಂದ ಹಿಡಿದುಕೊಂಡರೆ ಬೀಳುತ್ತೀರಿ, ಹೊಟ್ಟೆಯಿಂದ ಹಿಡಿದುಕೊಂಡರೆ ಉಳಿಯುತ್ತೀರಿ. ಪೀಪಾಯಿಯನ್ನು ನೋಡಬೇಡಿ, ಅದರಾಚೆ ನೀವು ಹೋಗಬೇಕಾದ ಜಾಗವನ್ನು ನೋಡಿ. ಕಣ್ಣಿನ ಹಿಂದೆ ಹೆಗಲು, ಹೆಗಲಿನ ಹಿಂದೆ ಸೊಂಟ, ಸೊಂಟದ ಹಿಂದೆ ಕುದುರೆ.

ಅವಳಿಗೆ ಒಂದೇ ಕೊರತೆ. ಮೂರನೆಯ ಪೀಪಾಯಿ. ಅಲ್ಲಿಗೆ ಬರುವಷ್ಟರಲ್ಲಿ ದಣಿದು, ಒಳಕ್ಕೆ ವಾಲುತ್ತಾಳೆ. ಹೊರಗಿನ ಕಾಲು ರಿಕಾಪಿನಿಂದ ಜಾರುತ್ತದೆ. ಡ್ರಮ್ಮಿನ ಮೇಲಾದರೆ ಕೆಳಗೆ ಹುಲ್ಲಿನ ಹಾಸು ಇತ್ತು. ಓಡುವ ಕುದುರೆಯ ಕೆಳಗೆ ಏನಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಒಂದು ದಿನ ನಾನು ಎಳೆಯುವ ಮುಂಚೆಯೇ ಡ್ರಮ್ಮು ಎಡಕ್ಕೆ ಹೊರಳಿತು. ಹಗ್ಗ ಹಿಗ್ಗಿರಬೇಕು ಎಂದುಕೊಂಡೆ. ಕಣ್ಣು ಮುಚ್ಚಿ ಕುಳಿತಿದ್ದವಳು, "ಆಂಟಿ, ಈಗ ಎಡಕ್ಕೆ ಅಂದ್ಕೊಂಡ್ರಿ ಅಲ್ವಾ?" ಎಂದಳು. ಹೌದು, ಅಂದುಕೊಂಡಿದ್ದೆ. ಅಂದುಕೊಂಡದ್ದು ಮಾತ್ರ, ಎಳೆದಿರಲಿಲ್ಲ.

ಕಳೆದ ತಿಂಗಳು ಅವಳು ಗೆದ್ದ ದಿನ ನಾನು ಪಂದ್ಯಕ್ಕೆ ಹೋಗಿರಲಿಲ್ಲ. ಮೊಮ್ಮಗನಿಗೆ ಜ್ವರ ಇತ್ತು. ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಇದ್ದಕ್ಕಿದ್ದಂತೆ ಎರಡೂ ಕೈ ಭಾರವಾದವು, ಹಗ್ಗದ ತುದಿಗೆ ಅವಳು ಕುಳಿತಾಗ ಆಗುವ ಹಾಗೆಯೇ. ಬಲಕ್ಕೆ ಎಳೆದವು. ಎಡಕ್ಕೆ ಎಳೆದವು. ಮತ್ತೊಮ್ಮೆ ಎಡಕ್ಕೆ, ಹಿಟ್ಟಿನ ಪರಾತ ಉರುಳಿ ಬೀಳುವಷ್ಟು ಜೋರಾಗಿ. ಶಿವಾನಿ ಓಡಿಬಂದು, "ಅವ್ವಾ, ಏನಾತು?" ಎಂದಳು. ಪರಾತ ಎತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಶ್ರೀಯಾಳ ಫೋನು. "ಆಂಟಿ, ಗೆದ್ದೆ. ಥರ್ಡ್ ಹತ್ರ ಬಿದ್ದೇ ಹೋಗ್ತಿದ್ದೆ, ನೀವು ಎಳೆದ್ರಿ. ಸ್ವಲ್ಪ ಮೆತ್ತಗೆ ಎಳೀಬೋದಿತ್ತು ಲಾ, ಸೊಂಟ ನೋಯ್ತಿದೆ" ಎಂದು ನಕ್ಕಳು. ಹಿಟ್ಟಿನ ವಿಷಯ ನಾನು ಅವಳಿಗೆ ಹೇಳಿರಲೇ ಇಲ್ಲ.

ಇದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ನೀವು ನಗಬಹುದು. ಮೊನ್ನೆ ಶ್ರೀಯಾ ವಿಮಾನ ಹತ್ತುವಾಗ ನಗಲಿಲ್ಲ. "ಆಂಟಿ, ನಾಲ್ಕು ಗಂಟೆಗೆ ಕೈ ಖಾಲಿ ಇಟ್ಕೊಂಡಿರಿ. ಪ್ರಾಮಿಸ್?" ಎಂದಳು.

ನನ್ನ ಬೆನ್ನ ಹಿಂದಿನ ಬ್ಯಾನರು ನೋಡಿ. ಹಗ್ಗ ಹಿಡಿದು ನಿಂತಿರುವವಳು ನಾನೇ. ಡ್ರಮ್ಮಿನ ಮೇಲೆ ಯಾರೂ ಇಲ್ಲ. ಅವಳು ಹೋದ ಮಾರನೆಯ ದಿನ ಹಯಗ್ರೀವ ಅವರು ಕ್ಯಾಮೆರಾ ತಂದರು. ಸುಮ್ಮನೆ ಹಿಡಿದು ನಿಲ್ಲುತ್ತೇನೆ, ಎಳೆಯುವುದಿಲ್ಲ ಎಂದೆ. "ಒಂದೇ ಸಲ ತೂಗಿ ಆಂಟಿ, ಫೋಟೋಲಿ ಮೂವ್‌ಮೆಂಟ್ ಬರಬೇಕು" ಎಂದರು. ಬೇಡ ಎಂದೆ. "ಡ್ರಮ್ ತಾನೇ ಆಂಟಿ, ತೊಟ್ಟಿಲಲ್ವಲ್ಲ" ಎಂದರು. ಸುತ್ತಲಿದ್ದವರು ನಕ್ಕರು. ತೂಗಿದೆ.

ಖಾಲಿ ತೊಟ್ಟಿಲು ತೂಗಬಾರದು ಎಂದು ನಿಮ್ಮ ಮನೆಗಳಲ್ಲೂ ಹೇಳುತ್ತಾರಲ್ಲವೇ? ಯಾಕೆ ಎಂದು ಯಾರೂ ಹೇಳುವುದಿಲ್ಲ. ನನಗೆ ಗೊತ್ತು. ಶಿವಾನಿಗಿಂತ ಮುಂಚೆ ನನಗೊಬ್ಬ ಮಗನಿದ್ದ. ಹೀಗೆಯೇ ಒಂದು ಮಧ್ಯಾಹ್ನ ತೂಗುತ್ತಿದ್ದೆ. ತೂಗುತ್ತಿರುವಾಗಲೇ ಹಗ್ಗ ಕೈಯಲ್ಲಿ ಹಗುರಾಯಿತು. ಮಗು ತೊಟ್ಟಿಲಲ್ಲೇ ಇತ್ತು. ಹಗ್ಗ ಮಾತ್ರ ಹಗುರಾಯಿತು. ಎದ್ದು ನೋಡಲು ಧೈರ್ಯವಾಗದೆ, ಅತ್ತೆ ಬಂದು ಕೈ ಹಿಡಿಯುವವರೆಗೂ ತೂಗುತ್ತಲೇ ಇದ್ದೆ.

ಸನ್ಮಾನದ ಸಭೆಯಲ್ಲಿ ಇದನ್ನು ಹೇಳಬಾರದಿತ್ತು. ಶಿವಾನಿಗೂ ಇದು ಗೊತ್ತಿರಲಿಲ್ಲ. ಅಳಬೇಡವಾ ಶಿವಾನಿ, ಕುಂದ್ರು.

ಆ ಫೋಟೋಕ್ಕೆಂದು ಖಾಲಿ ಡ್ರಮ್ಮು ತೂಗಿದಾಗ ಹಗ್ಗದಲ್ಲಿ ಅದೇ ಹಗುರ ಇತ್ತು. ಇಷ್ಟು ವರ್ಷ ಕಳೆದರೂ ಕೈಗೆ ಗುರುತು ಸಿಕ್ಕಿತು.

ಕ್ಷಮಿಸಿ, ಬುಟ್ಟಿಯನ್ನು ಕೆಳಗಿಡುತ್ತೇನೆ. ಸೇಬು ಉರುಳಿದರೆ ಉರುಳಲಿ, ಮಕ್ಕಳೇ, ಈಗ ಹೆಕ್ಕಬೇಡಿ. ಕೈ ಭಾರವಾಗಿದೆ. ಕುದುರೆ ಹೊರಟಿತು.

ನೋಡಿ, ಬಲಕ್ಕೆ. ಚೆನ್ನಾಗಿ ಕುಳಿತಿದ್ದಾಳೆ, ಬೆನ್ನು ನೆಟ್ಟಗಿದೆ. ಈಗ ಎಡಕ್ಕೆ. ನೀವು ಗಾಬರಿಯಾಗಬೇಡಿ, ನನಗೇನೂ ಆಗಿಲ್ಲ, ಇದು ಅವಳ ಭಾರ. ಈಗ ಮೂರನೆಯದು. ಪೀಪಾಯಿ ನೋಡಬೇಡವಾ, ಆಚೆ ನೋಡು. ವಾಲಬೇಡ. ಎಳೆಯುತ್ತಿದ್ದೇನೆ, ಎಳೆಯುತ್ತಿದ್ದೇನೆ.

ಹಗುರಾಯಿತು.

ಬದರಿನಾಥ್ ಅವರೇ, ಫೋನು ನೋಡಿ. ನಿರುಪಮಾ ಏನಾದರೂ ಕಳಿಸಿದ್ದಾರೆಯೇ? ಏನಂದಿರಿ? ಇನ್ನೂ ಓಡಿಲ್ಲವೇ? ಅಲ್ಲಿಯೂ ತಡವಾಗಿದೆ, ಅವಳ ಹೆಸರು ಇನ್ನೂ ಕೂಗಿಲ್ಲ ಎಂದು ಬರೆದಿದ್ದಾರೆಯೇ? ಸರಿಯಾಗಿ ಓದಿ. ಈಗಷ್ಟೇ ಬಂದ ಮೆಸೇಜೇ?

ಹಾಗಾದರೆ ಇಷ್ಟು ಹೊತ್ತು ನಾನು ತೂಗಿದ್ದು ಆಗಿಹೋದ ಓಟವನ್ನಲ್ಲ, ಇನ್ನು ಆಗಬೇಕಾದದ್ದನ್ನು.

ಅಧ್ಯಕ್ಷರೇ, ಗಂಟೆ ಒತ್ತಬೇಡಿ, ಮುಗಿಸುತ್ತೇನೆ. ಬದರಿನಾಥ್ ಅವರೇ, ನೀವು ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿರುವವರು, ನಾನು ಅಡುಗೆಮನೆಯವಳು. ನನ್ನ ಮಾತು ನಂಬಬೇಕೆಂದು ಕೇಳುತ್ತಿಲ್ಲ. ಹೊರಗೆ ಹೋಗಿ ಒಂದು ಫೋನು ಮಾಡಿ ಎಂದು ಕೇಳುತ್ತಿದ್ದೇನೆ. ಇವತ್ತು ಏರಬೇಡ ಎಂದು ಹೇಳಿ. ಹೊಟ್ಟೆನೋವು ಎಂದು ಹೇಳಿಸಿ, ಕುದುರೆ ಕುಂಟುತ್ತಿದೆ ಎಂದು ಹೇಳಿಸಿ. ಪಂದ್ಯ ಮುಂದಿನ ವರ್ಷವೂ ಇರುತ್ತದೆ. ನಾಚಿಕೆಯಾದರೆ ಆ ನಾಚಿಕೆ ನನ್ನದು, ಹುಚ್ಚು ಮುದುಕಿ ಹೇಳಿದಳು ಎಂದುಬಿಡಿ. ನಾಳೆ ಎಲ್ಲರೂ ಕೂಡಿ ನನ್ನನ್ನು ನೋಡಿ ನಗಿರಿ. ನಗಲು ಅವಳೂ ಇರುತ್ತಾಳೆ.

ಎದ್ದಿರಿ. ಒಳ್ಳೆಯದು. ಅವರಿಗೆ ದಾರಿ ಬಿಡಿ, ಕುರ್ಚಿ ಸರಿಸಿ. ಹಾಲ್ ಒಳಗೆ ಮೆಸೇಜು ಬಂದರೂ ಮಾತಾಡುವಷ್ಟು ಸಿಗ್ನಲ್ ಇಲ್ಲ, ಬಾಗಿಲಾಚೆ ಸಿಗುತ್ತದೆ. ಹಯಗ್ರೀವ ಅವರೇ, ತಡೆಯಬೇಡಿ, ಫೋಟೋ ಆಮೇಲೆ ತೆಗೆಯಬಹುದು.

ಹೋದರು. ಕಾಜಿನ ಬಾಗಿಲಾಚೆ ಕಾಣುತ್ತಿದ್ದಾರೆ. ಫೋನು ಕಿವಿಗೆ ಹಿಡಿದಿದ್ದಾರೆ. ರಿಂಗಾಗುತ್ತಿರಬೇಕು. ಇಳಿಸಿದರು. ಮತ್ತೆ ಒತ್ತುತ್ತಿದ್ದಾರೆ.

ಈ ಗೌರವಕ್ಕೆ ಬಳಗದ ಎಲ್ಲರಿಗೂ ಕೃತಜ್ಞತೆಗಳು. ಅಡುಗೆ ಮಾಡಿದವರಿಗೂ, ಕುರ್ಚಿ ಹಾಕಿದವರಿಗೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ. ನನ್ನನ್ನು ಯಾರೂ ಕೆಳಗೆ ಇಳಿಸಬೇಡಿ, ಇಲ್ಲಿಯೇ ನಿಂತಿರಲು ಬಿಡಿ. ಶಾಲು ಮಾತ್ರ ತೆಗೆಯಿರಿ, ತೋಳಿಗೆ ತೊಡಕಾಗುತ್ತದೆ.

ನನ್ನ ಎರಡೂ ಕೈ ಈಗ ಮತ್ತೆ ಭಾರವಾದವು. ಅವಳು ಏರಿ ಕುಳಿತಳು.

ಕೈ ಜೋಡಿಸಲಾರೆ, ತಪ್ಪು ತಿಳಿಯಬೇಡಿ. ಬಾಯಿಂದಲೇ ಹೇಳುತ್ತೇನೆ. ಎಲ್ಲರಿಗೂ ನಮಸ್ಕಾರ.