ಹೆಬ್ಬೆರಳಿನ ತೂಕ

ಪರೀಕ್ಷೆ ಪಾಸಾಯಿತು, ನನ್ನವರು ವಾಪಸು ಬರುತ್ತಿದ್ದಾರೆ! ಕ್ಷಮಿಸಿ, ಫೋನು ಈಗಷ್ಟೇ ಬಂತು, ಬಾಯಿ ತಡೆಯಲಿಲ್ಲ. ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ತೂಕ ಮತ್ತು ಅಳತೆ ಪ್ರಯೋಗಾಲಯದ ಬಂಧುಗಳೇ, ಪ್ರಿಯ ಸಭಿಕರೇ, ವರ್ಷದ ಅತ್ಯಂತ ನಿಖರ ಕೆಲಸಗಾರ ಎಂಬ ಈ ಫಲಕವನ್ನು ಗಂಡನ ಪರವಾಗಿ ಸ್ವೀಕರಿಸಲು ಬಂದಿದ್ದೇನೆ. ಮದುವೆಯಾಗಿ ಐವತ್ಮೂರು ದಿನ. ಇಂಗ್ಲಿಷ್ ಮೀಡಿಯಂನವಳು, ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿಕೊಳ್ಳಿ.

ಆದರೂ ವಸ್ತುವಿಗೆ ‘ಅದು’ ಎನ್ನಬೇಕೆಂಬಷ್ಟು ಕನ್ನಡ ನನಗೆ ಗೊತ್ತು. ನನ್ನವರಿಗೆ ಗೊತ್ತಿಲ್ಲ. ಮದುವೆಯಾದ ಎರಡನೇ ವಾರ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ಬರಿಗೈಲಿ ಅವಳನ್ನ ಮುಟ್ಬೇಡ ಕಣೋ. ಪಾಪ, ಮೊದಲೇ ಹತ್ತು ಮೈಕ್ರೋಗ್ರಾಂ ಇಳಿದಿದಾಳೆ.”

“ಯಾರ್ರೀ ಅವಳು?” ಅಂದೆ.

“ನಮ್ಮ ಕಿಲೋಗ್ರಾಂ ಕಣೇ!”

ಊರಿನ ಅಂಗಡಿಗಳ ತೂಕದ ಬಟ್ಟುಗಳೆಲ್ಲ ಯಾರ ಮುಂದೆ ತಲೆಬಾಗಬೇಕೋ, ಗಾಜಿನ ಮುಚ್ಚಳದೊಳಗೆ ಕೂತ ಆ ಉಕ್ಕಿನ ಬಟ್ಟು!

ಸಭಿಕರೇ, ಅಷ್ಟರಲ್ಲಿ ನಾನು ಎರಡು ಕಿಲೋ ಇಳಿದಿದ್ದೆ. ಯಾರಾದರೂ ಗಮನಿಸಿದರೇ? ಅವಳಿಗೆ ಇಪ್ಪತ್ತು ಡಿಗ್ರಿಯ ತಂಪು ಕೋಣೆ. ನನಗೆ ತಿರುಗದ ಫ್ಯಾನು. ಅವಳನ್ನು ಎತ್ತುವಾಗ ಉಸಿರು ಬಿಗಿಹಿಡಿಯುತ್ತಾರೆ. ನನ್ನ ಪಕ್ಕದಲ್ಲಿ ಗೊರಕೆ. ದುಂಡಗೆ, ನುಣ್ಣಗೆ ಇದ್ದಾಳೆ, ಮಾತೇ ಆಡುವುದಿಲ್ಲ. ಇಂಥ ಸವತಿಯ ಜೊತೆ ಹೇಗೆ ಜಗಳವಾಡಲಿ, ಹೇಳಿ?

ಅದಕ್ಕೇ, ಹೋದ ತಿಂಗಳು ನೀವು ಕುಟುಂಬದವರಿಗೆಲ್ಲ ಪ್ರಯೋಗಾಲಯ ತೋರಿಸಿದ ದಿನ, ನನ್ನವರು ಅತ್ತ ತಿರುಗಿದ ಕೂಡಲೇ ಗಾಜು ಎತ್ತಿ, ಅವಳ ನೆತ್ತಿಯ ಮೇಲೆ ಹೆಬ್ಬೆರಳು ಒತ್ತಿಬಿಟ್ಟೆ. ಹೌದು, ನಾನೇ. ಅಧ್ಯಕ್ಷರೇ, ಇದನ್ನು ವರದಿಯಲ್ಲಿ ಬರೆಸಬೇಡಿ. ತಪಾಸಣೆಯಲ್ಲಿ ಅವಳ ತೂಕ ಹೆಚ್ಚಾಗಿ ಕಂಡಿತು. ತೊಳೆಸಿ, ಅಲ್ಲಿನ ಬಟ್ಟಿಗೆ ಹೋಲಿಸಿ ಪರೀಕ್ಷೆ ಮಾಡಿಸಲು ದೂರದ ಹಿರಿಯ ಪ್ರಯೋಗಾಲಯಕ್ಕೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದವರು ಯಾರು? ನನ್ನ ಗಂಡ! ಕೈಯಾರೆ ನಾನೇ ಅವರಿಬ್ಬರನ್ನು ಹನ್ನೊಂದು ದಿನ ಕಳಿಸಿಕೊಟ್ಟೆ. ನಮ್ಮ ಹನಿಮೂನು ನಾಲ್ಕೇ ದಿನ.

ಈ ಹನ್ನೊಂದು ದಿನ ಊಟ ಸೇರಲಿಲ್ಲ. ಒತ್ತಿದವಳು ನಾನೇ ಎಂದು ಗೊತ್ತಾದರೆ ಅವರು ಯಾರ ಪಕ್ಷ ವಹಿಸುತ್ತಾರೆ? ಅವಳದೋ, ನನ್ನದೋ?

ಈಗ ಫೋನಿನಲ್ಲಿ ಹೇಳಿದರು: “ಭೂತಗನ್ನಡೀಲಿ ನೋಡಿದೆ. ಹೆಬ್ಬೆರಳ ಗುರುತು, ನಡುವೆ ಒಂದು ಅಡ್ಡಗೆರೆ. ಮೊದಲನೇ ದಿನ ಈರುಳ್ಳಿ ಹೆಚ್ಚೋಕೆ ಹೋಗಿ ಕುಯ್ದುಕೊಂಡಿದ್ಯಲ್ಲ, ಅದೇ! ನಲವತ್ತು ಮೈಕ್ರೋಗ್ರಾಂ ಇತ್ತು. ಒರೆಸೋಕೆ ಮನಸ್ಸೇ ಬರ್ಲಿಲ್ಲ ಕಣೇ.”

ಎರಡು ಕಿಲೋ ಕಾಣದ ಮನುಷ್ಯನಿಗೆ ಆ ಕೂದಲೆಳೆಯ ಗೆರೆ ನೆನಪಿತ್ತು!

ಒರೆಸಿದರು, ಬಿಡಿ. ಕೆಲಸ ಕೆಲಸವೇ. ಹಾಗೆಂದು ನನ್ನ ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ. ಬರುವಾಗ ಕಿಟಕಿ ಪಕ್ಕದ ಸೀಟೂ ಅವಳಿಗೇ ಅಂತೆ! ನಿಲ್ದಾಣಕ್ಕೆ ನಾನೇ ಹೋಗುತ್ತೇನೆ, ಕೈಗವಸು ಹಾಕಿಕೊಂಡು. ಅವಳ ಪೆಟ್ಟಿಗೆಯನ್ನು ನಾನೇ ಹೊರುತ್ತೇನೆ. ಅವರ ಕೈ ಸ್ವಲ್ಪ ಖಾಲಿಯಾಗಲಿ.

ಇಷ್ಟು ಹೊತ್ತು ನಕ್ಕೂ ನಗದಂತೆ ಕೂತು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ. ಸವತಿಯನ್ನು ಕಣ್ಣಾರೆ ನೋಡಬೇಕೆನ್ನುವವರು ನನ್ನ ಜೊತೆ ಬನ್ನಿ: ಗುರುವಾರ, ಬೆಳಗಿನ ಆರೂ ಇಪ್ಪತ್ತರ ಪ್ಯಾಸೆಂಜರ್ ರೈಲಿಗೆ ಬರುತ್ತಾಳೆ.